ಊರಿನ ತಂಡ

ಕಲ್ಲಡ್ಕದ ಹೋಟೆಲಿನಲ್ಲಿ ಕೆ.ಟಿ.ಯ ಗಾಜಿನ ಲೋಟವನ್ನು ಮುಂದಿರಿಸಿಕೊಂಡು, ಹಾಲಿನೊಡನೆ ಬೆರೆಯದೆ ಮೇಲೆಯೇ ನಿಂತ ಚಹದ ಡಿಕಾಕ್ಷನ್ನನ್ನು ಕದಡಲೋ ಬೇಡವೋ ಎಂದು ನೋಡುತ್ತ ಕುಳಿತಿದ್ದೆ. ಪಕ್ಕದ ಮೇಜಿನಲ್ಲಿದ್ದ ಇಬ್ಬರು ಕಾಲೇಜು ಹುಡುಗರ ಮಾತು ಕಿವಿಗೆ ಬಿತ್ತು. ಹಿಂದಿನ ರಾತ್ರಿ ಹೊನಲು ಬೆಳಕಿನ ಕಾಲ್ಚೆಂಡು ಪಂದ್ಯಾಟವೊಂದು ನಡೆದಿತ್ತಂತೆ.

“ಕಪ್ ನಮ್ಮ ಊರಿಗೇ ಬಂತು” ಎಂದ ಒಬ್ಬ.

“ನಮ್ಮ ಊರಿನವರು ಎಷ್ಟು ಜನ ಆಡಿದ್ದು ಮಾರಾಯ?” ಎಂದು ಇನ್ನೊಬ್ಬ ಕೇಳಿದ.

ಮೊದಲನೆಯವನು ಬೆರಳು ಮಡಚಿ ಎಣಿಸತೊಡಗಿ ಒಂದಕ್ಕೇ ನಿಲ್ಲಿಸಿದ. ಆ ಒಬ್ಬನೂ ಬದಲಿ ಆಟಗಾರನಾಗಿ ಹೊರಗೆ ಕುಳಿತಿದ್ದವನೇ. ಇಬ್ಬರೂ ನಕ್ಕರು. ನನಗೂ ನಗು ಬಂತು. ಆದರೆ ಮನೆಗೆ ಬಂದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಹಣ ಕೊಟ್ಟು ಆಟಗಾರರನ್ನು ಕರೆಸುವುದು ನಮ್ಮಲ್ಲಿ ಹೊಸತಲ್ಲ. ಗಡಿಯಾಚೆಯ ಕಾಸರಗೋಡಿನಲ್ಲಿಯೂ ಮಲಬಾರಿನಲ್ಲಿಯೂ ಏಳು ಮಂದಿಯ ಕಾಲ್ಚೆಂಡು ದೊಡ್ಡ ಜಾತ್ರೆಯಂತೆ ನಡೆಯುತ್ತದೆ. ಪಶ್ಚಿಮ ಆಫ್ರಿಕದಿಂದ ಬಂದ ತರುಣರೂ ಅಲ್ಲಿ ಆಡಿ ಸಂಪಾದಿಸುತ್ತಾರೆ. ದುಡಿದು ತಿನ್ನುವ ಅವರನ್ನು ಆಕ್ಷೇಪಿಸುವ ಅಧಿಕಾರ ನನಗಿಲ್ಲ. ನನ್ನ ಸಂದೇಹ ಬೇರೆಯದು. ಒಂದು ರಾತ್ರಿಯ ದೀಪಗಳು ಆರಿದ ಮೇಲೆ ಊರಿನಲ್ಲಿ ಉಳಿಯುವುದೇನು?

ಫ್ರಾನ್ಸಿನ ಬ್ರಿಟನಿ ಪ್ರಾಂತದಲ್ಲಿ ಗ್ಯಾಂಗಾಂ ಎಂಬ ಪಟ್ಟಣವಿದೆ. ಜನಸಂಖ್ಯೆ ಏಳು ಸಾವಿರದ ಆಸುಪಾಸು. ನಮ್ಮ ಲೆಕ್ಕದಲ್ಲಿ ಅದು ಪಟ್ಟಣವೂ ಅಲ್ಲ, ದೊಡ್ಡದೊಂದು ಗ್ರಾಮ. ಅಲ್ಲಿಯ ಕಾಲ್ಚೆಂಡು ಸಂಘ 1912ರಲ್ಲಿ ಹುಟ್ಟಿತು. ಅದರ ಹೆಸರಿನ ಅರ್ಥ ‘ಮುಂದಕ್ಕೆ’ ಎಂದು. 1972ರಲ್ಲಿ ನೊಯೆಲ್ ಲ ಗ್ರಾಯೆತ್ ಎಂಬ ಸ್ಥಳೀಯ ಉದ್ಯಮಿ ಅಧ್ಯಕ್ಷರಾದಾಗ ತಂಡವು ಪ್ರಾಂತೀಯ ಮಟ್ಟದ ಪಂದ್ಯಗಳನ್ನು ಆಡಿಕೊಂಡಿತ್ತು. ದೇಶದ ಎರಡನೆಯ ದರ್ಜೆಗೆ ಏರಿದ್ದು 1977ರಲ್ಲಿ. ಮೊದಲ ದರ್ಜೆಯನ್ನು ಮುಟ್ಟಲು 1995 ಬರಬೇಕಾಯಿತು. ಒಂದು ತಲೆಮಾರೇ ಕಾದಿತು ಎನ್ನಬಹುದು. ಊರಿನ ಜನಸಂಖ್ಯೆಯ ಎರಡು ಪಟ್ಟಿಗೂ ಹೆಚ್ಚು ಮಂದಿ, ಸುಮಾರು 18,000 ಜನ, ಅದರ ಕ್ರೀಡಾಂಗಣದಲ್ಲಿ ಕೂರಬಹುದು. ಸುತ್ತಣ ಹಳ್ಳಿಗಳ ರೈತರೆಲ್ಲ ಬಂದರೆ ತಾನೇ ಅದು ತುಂಬೀತು! 2009ರಲ್ಲಿ, ತಾನಿನ್ನೂ ಎರಡನೆಯ ದರ್ಜೆಯಲ್ಲಿದ್ದಾಗಲೇ, ಈ ತಂಡ ನೆರೆಯ ಮಹಾನಗರ ರೆನ್ನಿನ ತಂಡವನ್ನು ಸೋಲಿಸಿ ಫ್ರಾನ್ಸಿನ ರಾಷ್ಟ್ರೀಯ ಕಪ್ ಗೆದ್ದಿತು. 2014ರಲ್ಲಿ ಅದೇ ಎದುರಾಳಿಯನ್ನು ಮತ್ತೊಮ್ಮೆ ಸೋಲಿಸಿತು.

ಅಲ್ಲಿಯೂ ಹೊರಗಿನವರು ಆಡಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಖಂಡಿತ ಆಡಿದರು. ಡ್ರೊಗ್ಬ ಹುಟ್ಟಿದ್ದು ಐವರಿ ಕೋಸ್ಟಿನಲ್ಲಿ, ಮಲೂದ ಫ್ರೆಂಚ್ ಗಯಾನದಲ್ಲಿ. ಆದರೆ ಅವರು ಲೋಕಪ್ರಸಿದ್ಧರಾಗಿ ಗ್ಯಾಂಗಾಂಗೆ ಬಂದವರಲ್ಲ. ಅಲ್ಲಿ ವಾಸವಾಗಿದ್ದು, ಅಲ್ಲಿಯ ಮಳೆಯಲ್ಲಿ ನೆನೆದು, ಅಲ್ಲಿಂದ ಪ್ರಸಿದ್ಧಿಗೆ ಹೋದವರು. ಎಲ್ಲಿ ಹುಟ್ಟಿದರು ಎಂಬುದಕ್ಕಿಂತ ಎಷ್ಟು ದಿನ ನಿಂತರು ಎಂಬುದನ್ನು ಕೇಳುವುದೇ ಸರಿಯೆಂದು ಈಗ ನನಗೆ ತೋರುತ್ತದೆ. ನಮ್ಮೂರಿನ ಆ ರಾತ್ರಿಯ ವೀರರು ಬೆಳಗಿನ ಬಸ್ಸಿಗೇ ಹೋಗಿಬಿಟ್ಟಿದ್ದರು.

ಅದೇ ದೇಶದ ಕಲೇ ಬಂದರಿನ ಕತೆ ಬೇರೆ ತೆರ. 2000ದಲ್ಲಿ ನಾಲ್ಕನೆಯ ದರ್ಜೆಯ ಅಲ್ಲಿಯ ಹವ್ಯಾಸಿಗಳ ತಂಡ ದೊಡ್ಡ ದೊಡ್ಡ ತಂಡಗಳನ್ನು ಸೋಲಿಸಿ ಅದೇ ಕಪ್ಪಿನ ಅಂತಿಮ ಪಂದ್ಯಕ್ಕೆ ಬಂತು. ನಾಂಟ್ ತಂಡದೆದುರು 2–1ರಿಂದ ಸೋತದ್ದು ಆಟದ ಕೊನೆಯ ಗಳಿಗೆಯ ಪೆನಾಲ್ಟಿಯಿಂದ. ಗೆದ್ದ ತಂಡದ ನಾಯಕನು ಸೋತವರ ನಾಯಕನನ್ನು ಕರೆದು ಇಬ್ಬರೂ ಜೊತೆಯಾಗಿ ಕಪ್ಪನ್ನು ಎತ್ತಿದರು. ಆ ಸಾಹಸದ ಹೆಸರಿನಲ್ಲಿಯೇ ಊರು 2008ರಲ್ಲಿ ಹೊಸ ಕ್ರೀಡಾಂಗಣವನ್ನು ಕಟ್ಟಿತು. 2017ರಲ್ಲಿ ಸಾಲಸೋಲಗಳ ನಡುವೆ ತಂಡವೇ ಮುಚ್ಚಿಹೋಯಿತು. ಕಟ್ಟಡ ಉಳಿಯಿತು.

ಫ್ರಾನ್ಸಿನ ಕಾಲ್ಚೆಂಡಿಗೂ ನಮ್ಮ ನಾಡಿಗೂ ಹಳೆಯ ನಂಟೊಂದಿದೆ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ, ಹೆಚ್ಚಿನವರು ಬರಿಗಾಲಿನಲ್ಲಿದ್ದ ಭಾರತದ ತಂಡವು ಫ್ರಾನ್ಸನ್ನು ಎದುರಿಸಿ 2–1ರಿಂದ ಸೋತಿತು. ಎರಡು ಪೆನಾಲ್ಟಿಗಳು ಕೈತಪ್ಪಿದವು. ಭಾರತದ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅಹಮದ್ ಖಾನರೂ ಗೋಲ್‌ರಕ್ಷಕ ವರದರಾಜರೂ ಬೆಂಗಳೂರಿನವರೇ. ಇವರು ಯಾರೂ ಆಕಾಶದಿಂದ ಇಳಿದವರಲ್ಲ. ದಂಡುಪ್ರದೇಶದ ಬೀದಿಗಳು, ಅಲ್ಲಿಯ ಬಯಲುಗಳು, ಚಂದಾ ಎತ್ತಿ ನಡೆಸಿದ ಸಂಘಗಳು ಅವರನ್ನು ಬೆಳೆಸಿದವು. ಬೆಂಗಳೂರು ಮುಸ್ಲಿಮ್ಸ್ ಎಂಬ ಅಂಥದೊಂದು ಸಂಘ 1937ರಲ್ಲಿಯೂ 1938ರಲ್ಲಿಯೂ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತ್ತು. ಹಲಸೂರಿನ ಬಳಿಯ ಗೌತಮಪುರದಲ್ಲಿ ಇಂದಿಗೂ ಪೆಲೆಯ ಪ್ರತಿಮೆ ನಿಂತಿದೆ. ಮೈಸೂರು ರಾಜ್ಯವು ನಾಲ್ಕು ಬಾರಿ ಸಂತೋಷ್ ಟ್ರೋಫಿಯನ್ನು ಪಡೆಯಿತು. 1968–69ರ ಗೆಲುವಿನ ತರುವಾಯ ಕರ್ನಾಟಕ ಮತ್ತೆ ಅದನ್ನು ಗೆದ್ದದ್ದು 2023ರ ಮಾರ್ಚಿಯಲ್ಲಿ, ದೂರದ ರಿಯಾದಿನಲ್ಲಿ. ನಡುವೆ ಐವತ್ತನಾಲ್ಕು ವರ್ಷ! ಬಯಲುಗಳು ಕಟ್ಟಡಗಳಾದ ಕಾಲವೂ ಅದೇ ಎಂಬುದನ್ನು ನೆನೆಯಬೇಕು.

ನಮ್ಮ ಬಂಟ್ವಾಳ ಸೀಮೆಯಲ್ಲಿ ಸಮತಟ್ಟಾದ ನೆಲವೇ ಅಪರೂಪ. ಮೇಲೆ ಮುರಕಲ್ಲಿನ ಗುಡ್ಡೆ, ಕೆಳಗೆ ಬೈಲು. ಬೈಲಿನಲ್ಲಿ ಭತ್ತ ಬೆಳೆಯುತ್ತಿದ್ದಾಗ ಕೊಯ್ಲಿನ ಅನಂತರ ಕೆಲವು ತಿಂಗಳು ಗದ್ದೆಯೇ ಮಕ್ಕಳ ಮೈದಾನವಾಗುತ್ತಿತ್ತು. ಗದ್ದೆಗಳು ಅಡಕೆಯ ತೋಟಗಳಾದವು; ತೋಟದಲ್ಲಿ ಚೆಂಡು ಉರುಳುವುದಿಲ್ಲ. ಅಡಕೆ ಬೆಳೆದವರನ್ನು ನಾನು ದೂರುವುದಾದರೂ ಹೇಗೆ? ಭತ್ತ ಅವರ ಹೊಟ್ಟೆ ತುಂಬಿಸಲಿಲ್ಲ. ಇಂದು ನಮ್ಮ ಹುಡುಗರು ಆಡುವುದು ಅಡಕೆ ಒಣಹಾಕುವ ಅಂಗಳದಲ್ಲಿ, ಅದೂ ಕೊಯ್ಲು ಅಂಗಳಕ್ಕೆ ಬರುವವರೆಗೆ ಮಾತ್ರ. ಉಳಿದದ್ದು ಶಾಲೆಗಳ ಮೈದಾನ. ಅದರಲ್ಲಿಯೂ ಹೊಸ ಕೊಠಡಿ ಬೇಕಾದಾಗ ಎಲ್ಲರ ಕಣ್ಣು ಮೊದಲು ಬೀಳುವುದು ಗೋಲಿನ ಕಂಬಗಳ ನಡುವಣ ಜಾಗದ ಮೇಲೆ.

ಆದುದರಿಂದ ನಮ್ಮ ಯುವಕ ಮಂಡಲಗಳವರಲ್ಲಿ ನನ್ನ ಕೋರಿಕೆ ಸಣ್ಣದು. ಅತಿಥಿ ಆಟಗಾರರನ್ನು ಕರೆಸಿರಿ, ಬೇಡವೆನ್ನುವುದಿಲ್ಲ. ಜನ ಸೇರುವುದು ಅವರಿಂದಲೇ. ಆದರೆ ತಂಡದಲ್ಲಿ ಅರ್ಧದಷ್ಟಾದರೂ ಅದೇ ಗ್ರಾಮದ ಹುಡುಗರಿರಬೇಕೆಂಬ ನಿಯಮವಿರಲಿ. ಒಂದು ರಾತ್ರಿಯ ದೀಪಕ್ಕೂ ಧ್ವನಿವರ್ಧಕಕ್ಕೂ ಸುರಿಯುವ ಹಣದಲ್ಲಿ ಒಂದು ಪಾಲನ್ನು ತೆಗೆದಿರಿಸಿ, ಹತ್ತಿರದ ಶಾಲೆಗೆ ನಾಲ್ಕು ಚೆಂಡು, ವಾರಕ್ಕೆರಡು ಸಂಜೆ ಕಲಿಸುವ ಒಬ್ಬ ಮನುಷ್ಯ, ಇಷ್ಟನ್ನು ಒದಗಿಸಿರಿ. ಮೊದಲ ಕೆಲವು ವರ್ಷ ಊರು ಸೋಲುತ್ತದೆ. ಚಂದಾ ಕೊಟ್ಟವರು ಗೊಣಗುತ್ತಾರೆ. ಹತ್ತು ವರ್ಷದ ಹುಡುಗ ಇಪ್ಪತ್ತಾಗುವುದಕ್ಕೆ ಹತ್ತು ವರ್ಷ ಬೇಕೆಂದು ಅವರಿಗೆ ಹೇಳುವ ಧೈರ್ಯವಿರುವ ಒಬ್ಬ ಕಾರ್ಯದರ್ಶಿ ಪ್ರತಿ ಮಂಡಲದಲ್ಲಿಯೂ ಇದ್ದರೆ ಸಾಕು.

ಈ ವಿಷಯದಲ್ಲಿ ಅಧ್ಯಾಪಕ ಮಿತ್ರರಿಂದ ಒಂದು ಸಹಾಯವನ್ನು ಬೇಡುತ್ತೇನೆ. ತಮ್ಮ ಶಾಲೆಯ ಮೈದಾನ ಎಷ್ಟು ಉದ್ದ, ಎಷ್ಟು ಅಗಲ, ಸಂಜೆ ಐದು ಗಂಟೆಗೆ ಅಲ್ಲಿ ಎಷ್ಟು ಮಕ್ಕಳಿರುತ್ತಾರೆ ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ಕಳುಹಿಸಲಿ. ಬಂದವುಗಳನ್ನು ಈ ಪುಟದಲ್ಲಿಯೇ ಪ್ರಕಟಿಸುವೆನು.