ಬಂದು ಹೋಗುವವರು, ಬಂದು ನೆಲೆಸುವವರು

ಬೆಂಗಳೂರಿನ ಒಂದು ಬಡಾವಣೆ. ಗೇಟಿಗೆ ‘ಬಾಡಿಗೆಗೆ ಮನೆ ಇದೆ’ ಎಂಬ ಫಲಕ ತೂಗುತ್ತಿದೆ. ಅದರ ಕೆಳಗೆ ಕೆಂಪು ಅಕ್ಷರಗಳಲ್ಲಿ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದಿದೆ. ಮನೆಯ ಯಜಮಾನರು ಶ್ರಾವಕರು. ನಿತ್ಯವೂ ಜಿನದರ್ಶನ ಮಾಡುವವರು, ಸೂರ್ಯಾಸ್ತದ ಬಳಿಕ ಆಹಾರ ಮುಟ್ಟದವರು. ಫಲಕ ಕಂಡು ಒಬ್ಬ ಹೆಣ್ಣುಮಗಳು ಫೋನ್ ಮಾಡುತ್ತಾಳೆ. ಸಮೀಪದ ಆಸ್ಪತ್ರೆಯಲ್ಲಿ ಅವಳು ನರ್ಸ್. ಅವಳ ಕನ್ನಡ ಅಲ್ಲಲ್ಲಿ ಎಡವುತ್ತದೆ, ಆದರೆ ಅರ್ಥವಾಗುತ್ತದೆ.

‘ಮನೆ ಖಾಲಿ ಇದೆಯಾ ಸರ್?’

‘ಇದೆಯಮ್ಮ. ನಿಮ್ಮದು ಯಾವ ಊರು?’

‘ಅಸ್ಸಾಂ ಸರ್.’

ಕ್ಷಣಕಾಲ ಮೌನ. ‘ಅಯ್ಯೋ, ಮರೆತೇಬಿಟ್ಟೆ ನೋಡಿ. ಆ ಮನೆ ನಿನ್ನೆಯೇ ಬೇರೆಯವರಿಗೆ ಕೊಟ್ಟಾಯಿತು.’

ಫಲಕ ಮಾತ್ರ ಮುಂದಿನ ಚತುರ್ದಶಿಯವರೆಗೂ ಅದೇ ಗೇಟಿನಲ್ಲಿ ತೂಗುತ್ತಿರುತ್ತದೆ. ಮಾಂಸಾಹಾರ ಉಂಟೇ ಇಲ್ಲವೇ ಎಂದು ಆ ಹೆಣ್ಣುಮಗಳನ್ನು ಯಾರೂ ಕೇಳಲಿಲ್ಲ. ಊರಿನ ಹೆಸರೇ ಎಲ್ಲ ಪ್ರಶ್ನೆಗಳಿಗೂ ಉತ್ತರವಾಗಿಬಿಟ್ಟಿತು.

ಇದು ಯಾರೋ ಒಬ್ಬ ದುಷ್ಟನ ಕಥೆಯಲ್ಲ. ಸಜ್ಜನರ ಮನೆಗಳಲ್ಲಿಯೇ ನಡೆಯುವ ಸಂಭಾಷಣೆ. ಭಾರತದ ಯಾವ ಭಾಗದಲ್ಲಾದರೂ ವಾಸಿಸುವ, ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಪ್ರಜೆಗಳಿಗೆಲ್ಲ ಕೊಟ್ಟಿದೆ. ರಾಜ್ಯದ ಗಡಿಯನ್ನು ಕಾನೂನು ತೆರೆಯಬಲ್ಲದು; ಮನೆಯ ಬಾಗಿಲನ್ನು ಮನುಷ್ಯನೇ ತೆರೆಯಬೇಕು.

ಅತಿಥಿಸತ್ಕಾರದಲ್ಲಿ ಕನ್ನಡನಾಡಿನ ಜೈನರು ಹಿಂದೆ ಬಿದ್ದವರಲ್ಲ. 2018ರಲ್ಲಿ ಶ್ರವಣಬೆಳಗೊಳದ ಗೊಮ್ಮಟಸ್ವಾಮಿಗೆ ಮಹಾಮಸ್ತಕಾಭಿಷೇಕ ನಡೆದಾಗ ಉತ್ತರ ಭಾರತದಿಂದ ಬಂದ ಭಕ್ತರಿಗಾಗಿ ಉಪನಗರಗಳೇ ಎದ್ದಿದ್ದವು. ಭಾಷೆ ತಿಳಿಯದವರಿಗೆ ಕೈಸನ್ನೆಯಲ್ಲಿ ದಾರಿ ತೋರಿಸಿದವರೂ, ಕರೆದು ನೀರು ಕೊಟ್ಟವರೂ ಈ ನೆಲದವರೇ. ಆದರೆ ಯಾತ್ರಿಕ ನಾಳೆ ಹೊರಡುವವನು. ಅವನ ಅಡುಗೆಯ ವಾಸನೆ, ಅವನ ಮಕ್ಕಳ ಗಲಾಟೆ, ಅವನ ಹಬ್ಬದ ಸದ್ದು ನೆರೆಮನೆಗೆ ಬರುವುದಿಲ್ಲ. ಬಂದು ಹೋಗುವವರಿಗೆ ಸಿಗುವ ಆದರ ಬಂದು ನೆಲೆಸುವವರಿಗೂ ಸಿಗುತ್ತದೆಯೇ ಎಂಬುದೇ ಪ್ರಶ್ನೆ.

ಆ ಪ್ರಶ್ನೆಯನ್ನು ಕೇಳಲು ಬೆಳಗೊಳಕ್ಕಿಂತ ತಕ್ಕ ಸ್ಥಳವಿಲ್ಲ. ದೊಡ್ಡಬೆಟ್ಟದ ಎದುರಿಗಿರುವ ಚಿಕ್ಕಬೆಟ್ಟದ ಬಂಡೆಯ ಮೇಲೆ, ಸುಮಾರು ಕ್ರಿ.ಶ. 600ರ ಕಾಲದ್ದೆಂದು ಎಣಿಸಲಾಗುವ ಒಂದು ಸಂಸ್ಕೃತ ಶಾಸನವಿದೆ. ಉಜ್ಜಯಿನಿಯಲ್ಲಿದ್ದ ಭದ್ರಬಾಹುಸ್ವಾಮಿಗಳು ಹನ್ನೆರಡು ವರ್ಷಗಳ ಬರಗಾಲವನ್ನು ಮುಂಗಂಡು ಹೇಳಿದರೆಂದೂ, ಅದನ್ನು ಕೇಳಿ ಮುನಿಸಂಘವು ಉತ್ತರಾಪಥವನ್ನು ಬಿಟ್ಟು ದಕ್ಷಿಣಾಪಥಕ್ಕೆ ಹೊರಟಿತೆಂದೂ ಅದು ತಿಳಿಸುತ್ತದೆ. ಆ ಭದ್ರಬಾಹುಗಳು ಯಾರೆಂಬ ಚರ್ಚೆ ವಿದ್ವಾಂಸರಿಗಿರಲಿ. ಸಂಘವು ತಲಪಿದ ನಾಡನ್ನು ಶಾಸನಕಾರನು ಬಣ್ಣಿಸುವ ರೀತಿಯನ್ನು ಗಮನಿಸಬೇಕು: ನೂರಾರು ಗ್ರಾಮಗಳು, ಸಂತುಷ್ಟರಾದ ಜನ, ಧನಧಾನ್ಯ, ಹಸು, ಎಮ್ಮೆ, ಆಡು, ಕುರಿ. ಬರದ ನಾಡಿನಿಂದ ಬಂದವರ ಕಣ್ಣಿಗೆ ಮೊದಲು ಕಾಣುವುದು ಇವೇ. ಇಂದು ಝಾರ್ಖಂಡ್‌ನಿಂದಲೋ ಒಡಿಶಾದಿಂದಲೋ ಕೊಡಗಿನ ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಬರುವ ಕುಟುಂಬವೂ ರೈಲಿನ ಕಿಟಕಿಯಿಂದ ನೋಡುವುದು ಇದನ್ನೇ ಇರಬೇಕು. ಹಸಿವಿನ ಕಣ್ಣಿಗೆ ಭಾಷೆ ಯಾವುದಾದರೇನು?

ಕನ್ನಡನಾಡಿನ ಜೈನ ಪರಂಪರೆ ತನ್ನ ಮೊದಲ ಪುಟದಲ್ಲಿಯೇ ವಲಸೆಯ ಕಥೆಯನ್ನು ಇಟ್ಟುಕೊಂಡಿದೆ. ದಿಗಂಬರ ಮುನಿಗಳ ರೂಪ, ಆಹಾರಕ್ರಮ, ಮಾತು, ಯಾವುದೂ ಅಂದಿನ ಹಳ್ಳಿಗರಿಗೆ ಪರಿಚಿತವಾಗಿದ್ದಿರಲಾರದು. ಆದರೂ ಕಳ್ವಪ್ಪು ಬೆಟ್ಟ ಅವರಿಗೆ ಸಮಾಧಿಯ ನೆಲೆಯಾಯಿತು. ‘ಯಾವ ಊರಿನವರು?’ ಎಂದು ಕೇಳಿ ಬಾಗಿಲು ಹಾಕಿಕೊಂಡಿದ್ದರೆ, ಆ ಬೆಟ್ಟ ಬರಿಯ ಕಲ್ಲುಬೆಟ್ಟವಾಗಿ ಉಳಿಯುತ್ತಿತ್ತು.

ಹಾಗಾದರೆ ಮನೆಯ ಯಜಮಾನರ ಆತಂಕಕ್ಕೆ ಬೆಲೆಯೇ ಇಲ್ಲವೇ? ಇದೆ. ಹಿಂಸೆಯು ತಾನೇ ಮಾಡುವುದರಿಂದ ಮಾತ್ರವಲ್ಲ, ಬೇರೆಯವರಿಂದ ಮಾಡಿಸುವುದರಿಂದಲೂ ಮಾಡಿದ್ದನ್ನು ಅನುಮೋದಿಸುವುದರಿಂದಲೂ ಆಗುತ್ತದೆ ಎಂದು ಜೈನಾಚಾರ್ಯರು ಹೇಳುತ್ತಾರೆ. ಮೇಲ್ಮನೆಯಲ್ಲಿ ಜಿನಬಿಂಬವನ್ನಿಟ್ಟು ಪೂಜಿಸುವ ಕುಟುಂಬಕ್ಕೆ ಕೆಳಮನೆಯಲ್ಲಿ ಮಾಂಸ ಬೇಯುವುದು ನಿಜವಾದ ಸಂಕಟ. ಅದನ್ನು ಸಂಕುಚಿತ ಮನೋಭಾವವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಆ ಸಂಕಟವನ್ನು ನೇರವಾಗಿ ಹೇಳಬಹುದಿತ್ತಲ್ಲ: ‘ನಮ್ಮದು ಜೈನರ ಮನೆಯಮ್ಮ, ಇಲ್ಲಿ ಮಾಂಸ, ಮೊಟ್ಟೆ ಬೇಯಿಸುವಂತಿಲ್ಲ. ನಿಮಗೆ ಒಪ್ಪಿಗೆಯೇ?’ ಅವಳು ಒಪ್ಪಬಹುದು, ಒಪ್ಪದೆ ಬೇರೆ ಮನೆ ನೋಡಬಹುದು. ಅದು ಇಬ್ಬರೂ ತಲೆಯೆತ್ತಿ ಆಡುವ ಮಾತು. ಆಚರಣೆಯನ್ನು ಕೇಳುವುದು ಬೇರೆ, ಹುಟ್ಟಿದ ನೆಲವನ್ನು ಕೇಳಿ ಆಚರಣೆಯನ್ನು ಊಹಿಸಿಬಿಡುವುದು ಬೇರೆ. (ಅದೇ ಯಜಮಾನರು ನೆಲಮಾಳಿಗೆಯ ಮಳಿಗೆಯನ್ನು ಚರ್ಮದ ಪಾದರಕ್ಷೆಯ ಅಂಗಡಿಗೆ ಕೊಡುವಾಗ ಇಷ್ಟು ವಿಚಾರಣೆ ಮಾಡಿದರೇ ಎಂಬುದನ್ನು ಅವರ ಮನಸ್ಸಾಕ್ಷಿಗೇ ಬಿಡೋಣ.)

ಇನ್ನು ‘ನಿನ್ನೆಯೇ ಕೊಟ್ಟಾಯಿತು’ ಎಂಬ ಮಾತು. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಅಸತ್ಯವನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ಅವುಗಳಲ್ಲಿ ಮೊದಲನೆಯದೇ ಇರುವುದನ್ನು ಇಲ್ಲವೆನ್ನುವುದು. ದೇವದತ್ತನು ಇಲ್ಲಿರುವಾಗಲೇ ಇಲ್ಲವೆಂದಂತೆ ಎಂಬುದು ಅವರು ಕೊಡುವ ಉದಾಹರಣೆ. ಖಾಲಿ ಮನೆಯನ್ನು ಖಾಲಿಯಿಲ್ಲ ಎಂದದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಲಕ್ಷಣ ಬೇಕೇ? ಅಹಿಂಸಾಣುವ್ರತವನ್ನು ಕಾಪಾಡಿಕೊಳ್ಳುವ ಗಡಿಬಿಡಿಯಲ್ಲಿ ಸತ್ಯಾಣುವ್ರತ ಫೋನಿನಲ್ಲಿಯೇ ಕಳೆದುಹೋಯಿತು.

ಕೆಲವರು ಇಂಥ ಸಂದರ್ಭದಲ್ಲಿ ಅತಿಥಿಸಂವಿಭಾಗ ವ್ರತವನ್ನು ನೆನಪಿಸುತ್ತಾರೆ. ಅದು ಪೂರ್ಣವಾಗಿ ಹೊಂದುವುದಿಲ್ಲ. ಆ ವ್ರತದಲ್ಲಿ ಅತಿಥಿಯೆಂದರೆ ಮುಖ್ಯವಾಗಿ ಮುನಿಗಳು, ವ್ರತಿಗಳು. ತಿಂಗಳಿಗೆ ಬಾಡಿಗೆ ಕೊಡುವವರನ್ನು ಅಲ್ಲಿಗೆ ಎಳೆದು ತರುವುದು ಶಾಸ್ತ್ರವನ್ನು ಹಿಗ್ಗಿಸಿದಂತೆ. ವಿಷಯವು ವ್ರತಗಳಿಗಿಂತ ಹಿಂದಿನದು, ಸಮ್ಯಗ್ದರ್ಶನಕ್ಕೇ ಸೇರಿದ್ದು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದು ನಿರ್ವಿಚಿಕಿತ್ಸೆ, ಅಂದರೆ ಜುಗುಪ್ಸೆಯಿಲ್ಲದಿರುವುದು. ಅದಕ್ಕೆ ದೃಷ್ಟಾಂತವಾಗಿ ಪರಂಪರೆಯು ಹೇಳುವುದು ಉದ್ದಾಯನ ರಾಜನ ಕಥೆಯನ್ನು. ಅವನನ್ನು ಪರೀಕ್ಷಿಸಲೆಂದು ದೇವನೊಬ್ಬನು ಕುಷ್ಠರೋಗಿಯಾದ ಮುನಿಯ ವೇಷದಲ್ಲಿ ಬಂದು ಆಹಾರ ಸ್ವೀಕರಿಸಿ, ಅಲ್ಲಿಯೇ ವಾಂತಿ ಮಾಡಿದನಂತೆ. ದುರ್ಗಂಧ ತಾಳಲಾರದೆ ಪರಿಜನರೆಲ್ಲ ಓಡಿದರು. ರಾಜನೂ ರಾಣಿ ಪ್ರಭಾವತಿಯೂ ಮಾತ್ರ ಕದಲಲಿಲ್ಲ. ತಾವು ಕೊಟ್ಟ ಆಹಾರದಿಂದಲೇ ಇವರಿಗೆ ಈ ಕಷ್ಟವಾಯಿತಲ್ಲ ಎಂದು ನೊಂದು, ಕೈಯಾರೆ ಮೈ ತೊಳೆದರು.

ಆ ಅಸ್ಸಾಮಿನ ಹೆಣ್ಣುಮಗಳು ಆಸ್ಪತ್ರೆಯ ವಾರ್ಡಿನಲ್ಲಿ ಪ್ರತಿದಿನ ಮಾಡುವ ಕೆಲಸವೂ ಇದೇ. ಅವಳು ತೊಳೆಯುವ ಮೈಗಳು ಈ ಊರಿನವರವೇ, ‘ಯಾವ ಊರು?’ ಎಂದು ಕೇಳಿ ತೊಳೆಯುವ ಪದ್ಧತಿ ಅಲ್ಲಿಲ್ಲ.

2012ರ ಆಗಸ್ಟ್ ತಿಂಗಳನ್ನು ಬೆಂಗಳೂರು ಮರೆತಿರಲಾರದು. ಮೊಬೈಲ್ ಸಂದೇಶಗಳಲ್ಲಿ ಹಬ್ಬಿದ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ರೈಲು ನಿಲ್ದಾಣಕ್ಕೆ ಧಾವಿಸಿದರು. ಗುವಾಹಟಿಗೆ ವಿಶೇಷ ರೈಲುಗಳು ಹೊರಟವು. ಒಂದು ಸುಳ್ಳು ಸಂದೇಶಕ್ಕೆ ಇಷ್ಟು ಬಲ ಬಂದದ್ದು ಹೇಗೆ? ನೆರೆಮನೆಯ ಬಾಗಿಲು ತಟ್ಟಿ ‘ಇದು ನಿಜವೇ?’ ಎಂದು ಕೇಳುವಷ್ಟು ಪರಿಚಯ ಎಷ್ಟು ಮಂದಿಗಿತ್ತು? ಅಂಥ ಪರಿಚಯವಿದ್ದಲ್ಲಿ ವದಂತಿಯ ಹಲ್ಲು ಅಷ್ಟು ಆಳಕ್ಕೆ ಇಳಿಯುವುದಿಲ್ಲ.

ಹೊಸಬರೆಂದರೆ ಅನ್ಯಧರ್ಮದವರೇ ಆಗಬೇಕಿಲ್ಲ. ಜೈಪುರದಿಂದಲೋ ಬುಂದೇಲಖಂಡದಿಂದಲೋ ಉದ್ಯೋಗಕ್ಕಾಗಿ ಮೈಸೂರಿಗೆ ಬಂದ ತೇರಾಪಂಥದ ದಿಗಂಬರ ಕುಟುಂಬವನ್ನು ನೆನೆದುಕೊಳ್ಳಿ. ಅವರ ಊರಿನಲ್ಲಿ ಶುದ್ಧ ಜಲದ ಅಭಿಷೇಕ. ಬಿಂಬಕ್ಕೆ ಹೂ ಏರಿಸುವುದಿಲ್ಲ. ಪೂಜೆಯನ್ನು ಶ್ರಾವಕರೇ ಮಾಡುತ್ತಾರೆ. ಇಲ್ಲಿ ಅರ್ಚಕರು, ಹಾಲು, ಎಳನೀರು, ಕಬ್ಬಿನ ಹಾಲು, ಗಂಧದ ಅಭಿಷೇಕ, ಹೂವಿನ ಅಲಂಕಾರ, ಪದ್ಮಾವತೀದೇವಿಗೆ ವಿಶೇಷ ಸೇವೆ. ಅವರು ಮೂಲೆಯಲ್ಲಿ ನಿಂತು ಬೆರಗಾಗಿ ನೋಡುತ್ತಾರೆ. ‘ಅವರು ನಮ್ಮ ಪದ್ಧತಿಯವರಲ್ಲ’ ಎಂಬ ಪಿಸುಮಾತು ಅವರ ಕಿವಿಗೂ ಬೀಳುತ್ತದೆ. ಭಾಷೆ ತಿಳಿಯದಿದ್ದರೂ ಧ್ವನಿ ತಿಳಿಯುತ್ತದೆ. ಮರುವಾರದಿಂದ ಅವರು ಮನೆಯಲ್ಲಿಯೇ ಜಪ ಮಾಡಿಕೊಳ್ಳುತ್ತಾರೆ. ಮಗನ ಮನೆಗೆಂದು ಉತ್ತರಕ್ಕೆ ಹೋದ ಕನ್ನಡದ ಅಮ್ಮನೊಬ್ಬರು ಅಲ್ಲಿನ ತೇರಾಪಂಥದ ಮಂದಿರದಲ್ಲಿ ಪದ್ಮಾವತಿಯ ಗುಡಿಯನ್ನು ಹುಡುಕಿ, ಕೈಯಲ್ಲಿದ್ದ ಮಲ್ಲಿಗೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗಿನಲ್ಲಿ ಮುಚ್ಚಿಕೊಂಡು ಮರಳುವುದೂ ಇದೇ ಕಥೆ. ಇಬ್ಬರೂ ಹೇಳುವುದು ಅದೇ ಣಮೋಕಾರ ಮಂತ್ರವನ್ನೇ. ಯಾರಾದರೂ ಒಬ್ಬರು ಹತ್ತಿರ ಬಂದು, ‘ಬನ್ನಿ ಅಮ್ಮಾ, ಇಲ್ಲಿ ಹೀಗೆ ಮಾಡುತ್ತೇವೆ, ನಿಮ್ಮಲ್ಲಿ ಹೇಗೆ?’ ಎಂದಿದ್ದರೆ ಸಾಕಾಗಿತ್ತು.

ಬೆಂಗಳೂರಿನ ಚಿಕ್ಕಪೇಟೆಯ ಸುತ್ತ ತಲೆಮಾರುಗಳಿಂದ ವ್ಯಾಪಾರ ಮಾಡಿಕೊಂಡಿರುವ ರಾಜಸ್ಥಾನ, ಗುಜರಾತ್ ಮೂಲದ ಶ್ವೇತಾಂಬರ ಕುಟುಂಬಗಳಿವೆ. ಇಲ್ಲಿಯೇ ಹುಟ್ಟಿದ ಮೊಮ್ಮಕ್ಕಳೂ ಗಿರಾಕಿಗಳ ಬಾಯಲ್ಲಿ ಇನ್ನೂ ಹೊರಗಿನ ‘ಸೇಠ್’ಗಳೇ. ಎಷ್ಟು ತಲೆಮಾರು ಕಳೆದರೆ ಹೊಸಬನು ಹಳಬನಾದಾನು? ಆ ಫಲಕ ತೂಗುಹಾಕಿದ ಯಜಮಾನರ ಅಜ್ಜ ಮಾರವಾಡದಿಂದ ಬಂದರೋ ಕಾರ್ಕಳದಿಂದ ಬಂದರೋ ಫಲಕ ಹೇಳುವುದಿಲ್ಲ. ಎಲ್ಲಿಂದಲೋ ಬಂದು, ಯಾರದೋ ಬಾಡಿಗೆ ಮನೆಯಲ್ಲಿ ಒಲೆ ಹೂಡಿರಬೇಕು.

ಆತಿಥೇಯನು ಬಂದವರನ್ನು ಪರೀಕ್ಷಿಸಲೇಬಾರದೆಂದೇನೂ ಇಲ್ಲ. ದಿಗಂಬರರ ಪರಮಾಗಮವಾದ ‘ಷಟ್ಖಂಡಾಗಮ’ ಹುಟ್ಟಿದ ಕಥೆಯಲ್ಲಿಯೇ ಒಂದು ಪರೀಕ್ಷೆಯಿದೆ. ಗುಜರಾತಿನ ಗಿರಿನಾರಿನ ಗುಹೆಯಲ್ಲಿದ್ದ ವೃದ್ಧ ಧರಸೇನಾಚಾರ್ಯರ ಬಳಿಗೆ ದಕ್ಷಿಣದಿಂದ ಇಬ್ಬರು ಮುನಿಗಳು ಬಂದರು. ದಾರಿಯ ದಣಿವು ಆರಿದ ಮೇಲೆ ಆಚಾರ್ಯರು ಇಬ್ಬರಿಗೂ ಒಂದೊಂದು ಮಂತ್ರ ಕೊಟ್ಟರು. ಒಂದರಲ್ಲಿ ಅಕ್ಷರ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಇಬ್ಬರೂ ದೋಷವನ್ನು ತಾವೇ ಗುರುತಿಸಿ ತಿದ್ದಿಕೊಂಡು ಸಾಧಿಸಿದರು. ಆ ಬಳಿಕ ಆಚಾರ್ಯರು ತಮ್ಮಲ್ಲಿದ್ದ ಶ್ರುತಜ್ಞಾನವನ್ನೆಲ್ಲ ಅವರಿಗೆ ಧಾರೆಯೆರೆದರು. ಪರೀಕ್ಷೆ ನಡೆದದ್ದು ಅವರ ಯೋಗ್ಯತೆಗೆ, ಹುಟ್ಟಿದ ದೇಶಕ್ಕಲ್ಲ. ಆ ಇಬ್ಬರಲ್ಲಿ ಪುಷ್ಪದಂತರು ಸೂತ್ರರಚನೆಯನ್ನು ಆರಂಭಿಸಿದ್ದು ವನವಾಸ ದೇಶದಲ್ಲಿ, ಇಂದಿನ ಬನವಾಸಿಯ ಸೀಮೆಯಲ್ಲಿ. ಮುಂದುವರಿಸಿದ ಭೂತಬಲಿಗಳು ಹೋದದ್ದು ದ್ರಮಿಲ ದೇಶಕ್ಕೆ. ಅದರ ಧವಲಾ ಟೀಕೆಯ ಓಲೆಗರಿಗಳು ಕನ್ನಡ ಲಿಪಿಯಲ್ಲಿ ಮೂಡುಬಿದಿರೆಯಲ್ಲಿ ಉಳಿದುಬಂದವು. ಮೊದಲ ಸಂಪುಟ ಅಚ್ಚಾಗಿ ಬಂದದ್ದು 1939ರಲ್ಲಿ, ವಿದರ್ಭದ ಅಮರಾವತಿಯಿಂದ. ಈ ಆಗಮಕ್ಕೆ ‘ನಿನ್ನದು ಯಾವ ರಾಜ್ಯ?’ ಎಂದು ಕೇಳಿದರೆ ಅದು ಏನು ಹೇಳೀತು?

ಬಂದವರಿಗೂ ಕರ್ತವ್ಯವಿದೆ, ಅದನ್ನು ಹೇಳದೆ ಬಿಡುವುದು ಪಕ್ಷಪಾತವಾಗುತ್ತದೆ. ಮಹಾವೀರಸ್ವಾಮಿಯ ಉಪದೇಶವನ್ನು ಪರಂಪರೆಯು ಜನಬಳಕೆಯ ಪ್ರಾಕೃತದೊಡನೆ ಸೇರಿಸಿ ನೆನೆಯುತ್ತದೆ. ದಕ್ಷಿಣಕ್ಕೆ ಬಂದ ಜೈನ ಪರಂಪರೆಯೂ ಕನ್ನಡವನ್ನು ತನ್ನದಾಗಿಸಿಕೊಂಡು ಅದನ್ನು ಕಾವ್ಯದ ಭಾಷೆಯಾಗಿ ಬೆಳೆಸಿತು. ಆದಿಕವಿ ಪಂಪನ ತಮ್ಮ ಜಿನವಲ್ಲಭನು ಇಂದಿನ ತೆಲಂಗಾಣದ ಕುರಿಕ್ಯಾಲದ ಬಂಡೆಯ ಮೇಲೆ ಬರೆಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ಇದ್ದ ನೆಲದ ಮಾತಿಗೆ ಅವನು ಬಂಡೆಯ ಮೇಲೆ ಜಾಗ ಕೊಟ್ಟ. ಹತ್ತು ವರ್ಷ ಇಲ್ಲಿದ್ದೂ ತರಕಾರಿಯವಳೊಡನೆ ಎರಡು ಮಾತು ಕನ್ನಡದಲ್ಲಿ ಆಡಲಾರದವರು ಅದನ್ನು ನೆನೆಯಬೇಕು. ಅಂಗಡಿಯವನು ಬೇಗ ಕಲಿಯುತ್ತಾನೆ, ಅವನಿಗೆ ಅನಿವಾರ್ಯ. ಎತ್ತರದ ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಆ ಅನಿವಾರ್ಯತೆಯೂ ಇಲ್ಲದಂತಾಗಿದೆ. ಕಲಿಯದವರಿಗೆ ನಾಡು ಕೇವಲ ಸಂಬಳ ಕೊಡುವ ಸ್ಥಳವಾಗಿ ಉಳಿಯುತ್ತದೆ, ನಾಡಿಗೆ ಅವರು ಕೇವಲ ಬಾಡಿಗೆದಾರರಾಗಿ ಉಳಿಯುತ್ತಾರೆ.

ಆದರೆ ಫೋನ್ ಮಾಡಿದ ಆ ಹೆಣ್ಣುಮಗಳು ಕಲಿಯಲು ಆರಂಭಿಸಿದ್ದಳು. ‘ನೋವಿದೆಯಾ ಅಜ್ಜಿ?’, ‘ಮಾತ್ರೆ ತಗೊಂಡ್ರಾ?’, ‘ಹೆದರಬೇಡಿ’. ವಾರ್ಡು ಅವಳಿಗೆ ಕಲಿಸಿದ ಕನ್ನಡ ಇದು. ಮನೆಯ ಯಜಮಾನರು ಅದರಲ್ಲಿ ಕೇಳಿಸಿಕೊಂಡದ್ದು ತಪ್ಪು ಉಚ್ಚಾರಣೆಯನ್ನು ಮಾತ್ರ.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಳಿ ಬರುತ್ತದೆ. ಅಂದು ಆ ಯಜಮಾನರೂ ಬೆಳಿಗ್ಗೆಯಿಂದ ಫೋನ್ ಹಿಡಿದು ಕೂರುತ್ತಾರೆ. ಬೀಗರು, ಬಂಧುಗಳು, ಬಸದಿಯ ಸಮಿತಿಯವರು, ಹಳೆಯ ಪಾಲುದಾರರು, ಎಲ್ಲರಲ್ಲಿಯೂ ತಿಳಿದೋ ತಿಳಿಯದೆಯೋ ಆದ ತಪ್ಪಿಗೆ ಕ್ಷಮೆ ಕೇಳುತ್ತಾರೆ. ಆ ಹೆಣ್ಣುಮಗಳ ಹೆಸರು ಅವರಿಗೆ ಗೊತ್ತಿಲ್ಲ. ಆದರೆ ಅವಳು ಕರೆ ಮಾಡಿದ ಸಂಖ್ಯೆ ಅದೇ ಫೋನಿನಲ್ಲಿ, ಕೆಳಗೆಲ್ಲೋ, ಇನ್ನೂ ಇದೆ.