ಎಣಿಕೆಗೆ ಸಿಕ್ಕದ ರೋಗ

ಕೆಲವು ರೋಗಗಳ ಹೆಸರನ್ನು ಸಭ್ಯರ ಮನೆಯಲ್ಲಿ ಎತ್ತಬಾರದೆಂಬ ರೂಢಿ ನಮ್ಮಲ್ಲಿ ಉಂಟು. ಗುಪ್ತರೋಗವೆಂದು ಪಿಸುದನಿಯಲ್ಲಿ ಅಂದು ಮಾತನ್ನು ಮುಗಿಸುವುದೇ ವಾಡಿಕೆ. ನಮ್ಮ ಪ್ರಾಚೀನ ವೈದ್ಯರಿಗಾದರೋ ಈ ಸಂಕೋಚವಿರಲಿಲ್ಲ. 16ನೆಯ ಶತಮಾನದ ಭಾವಮಿಶ್ರನು ತನ್ನ 'ಭಾವಪ್ರಕಾಶ'ದಲ್ಲಿ ಫಿರಂಗರೋಗವನ್ನು ಹೆಸರಿಟ್ಟೇ ವರ್ಣಿಸಿದ್ದಾನೆ. ಇಂದಿನ ವೈದ್ಯರು ಸಿಫಿಲಿಸ್ ಎನ್ನುವುದು ಇದನ್ನೇ. ಆದುದರಿಂದ ಈ ತಿಂಗಳು ನಾವೂ ಸಂಕೋಚವನ್ನು ಬದಿಗಿಟ್ಟು ಗೃಹಸ್ಥರೊಡನೆ ಈ ವಿಷಯವನ್ನು ಮಾತನಾಡಬೇಕೆಂದಿದ್ದೇವೆ.

2020ನೆಯ ಮಾರ್ಚ್ 25ರಿಂದ ದೇಶಕ್ಕೆಲ್ಲ ಲಾಕ್‌ಡೌನ್ ಆದುದು ವಾಚಕರಿಗೆ ಮರೆತಿರದು. ಕರ್ನಾಟಕದಲ್ಲಿ ಬಸ್ಸುಗಳ ಸಾಮಾನ್ಯ ಸಂಚಾರ ಮತ್ತೆ ಮೊದಲಾದುದು ಮೇ 19ಕ್ಕೆ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಹಳ್ಳಿಯವರಿಗೆ ಬಸ್ಸಿಲ್ಲದೆ ತಾಲೂಕಿನ ಊರೇ ದೂರ. ರಾಯಚೂರಿನ ದೊಡ್ಡ ಆಸ್ಪತ್ರೆಯ ಮಾತಂತೂ ಹೇಳತಕ್ಕದ್ದಿಲ್ಲ. ದೇಶದಲ್ಲೆಲ್ಲ ವೈದ್ಯರೂ ದಾದಿಯರೂ ರಕ್ತಪರೀಕ್ಷೆಯವರೂ ಕೋವಿಡ್ಡಿನ ಕೆಲಸಕ್ಕೆ ತಿರುಗಬೇಕಾಯಿತು. ಹೀಗೆ ಸುಮಾರು ಎಂಟು ವಾರ ಕಳೆದುವು.

ಈಗ ಸಿಫಿಲಿಸ್ಸಿನ ಸ್ವಭಾವವನ್ನು ನೋಡೋಣ. ಸೋಂಕು ತಗುಲಿದ ಸುಮಾರು ಮೂರು ವಾರಕ್ಕೆ ಗುಹ್ಯಸ್ಥಾನದಲ್ಲಿ ಒಂದು ಹುಣ್ಣು ಏಳುವುದು. ಅದರಲ್ಲಿ ನೋವಿರುವುದು ಅಪರೂಪ. ಔಷಧವಿಲ್ಲದಿದ್ದರೂ ಮೂರರಿಂದ ಆರು ವಾರಗಳಲ್ಲಿ ಅದು ತಾನಾಗಿಯೇ ಮಾಯುವುದು. ಹುಣ್ಣು ಮಾದರೂ ರೋಗ ಮಾಯದು. ಅದು ರಕ್ತದಲ್ಲಿ ಉಳಿದು, ಯಾವ ಗುರುತನ್ನೂ ತೋರದೆ ವರ್ಷಗಟ್ಟಲೆ ಇರಬಲ್ಲದು.

ಎಂಟು ವಾರದ ಬಂಧನ, ಆರು ವಾರದ ಹುಣ್ಣು: ಇವೆರಡನ್ನೂ ಜೊತೆಗಿಟ್ಟು ನೋಡಿದರೆ ಅನರ್ಥವೆಲ್ಲಿಯದೆಂಬುದು ತಿಳಿಯುತ್ತದೆ. ಈ ಮೂರು ತಾಲೂಕುಗಳಲ್ಲಿ ಕಾಲುವೆಯ ನೀರು ಕಾಣದ ಊರುಗಳಿಂದ ಎಷ್ಟೋ ಮಂದಿ ಬೆಂಗಳೂರಿಗೆ ಕೂಲಿಗೆ ಹೋಗುವರಷ್ಟೆ. ಅಂಥವನೊಬ್ಬನು ಸೋಂಕನ್ನು ಹೊತ್ತು ಆ ಮಾರ್ಚಿನಲ್ಲಿ ಊರಿಗೆ ಮರಳಿದನೆಂದು ಭಾವಿಸೋಣ. ಹುಣ್ಣು ಕಂಡಾಗ ಬಸ್ಸಿಲ್ಲ; ಬಸ್ಸು ಬಂದಾಗ ಹುಣ್ಣಿಲ್ಲ. ದೇವರು ಕಾಪಾಡಿದನೆಂದುಕೊಂಡು ಅವನು ಸುಮ್ಮನಾಗುವನು. ಅವನ ಹೆಸರು ಯಾವ ಆಸ್ಪತ್ರೆಯ ಪುಸ್ತಕವನ್ನೂ ಏರದು. ಏನೂ ಅರಿಯದ ಹೆಂಡತಿಗೆ ರೋಗ ತಗುಲುವುದು.

ರೋಗಿಗಳ ಎಣಿಕೆ ಇಳಿದರೆ ರೋಗವೂ ಇಳಿಯಿತೆಂದು ಸಂತೋಷಪಡುವವರುಂಟು. ಅಮೆರಿಕದ ಲೆಕ್ಕವನ್ನು ಅವರು ನೋಡಬೇಕು. ಕ್ಲಮಿಡಿಯಾ, ಗೊನೊರಿಯಾ ಎಂಬೆರಡು ರೋಗಗಳು ಹರಡುವ ದಾರಿ ಒಂದೇ. ಆದರೆ ಕ್ಲಮಿಡಿಯಾ ಬಹುಮಂದಿಯಲ್ಲಿ ಲಕ್ಷಣವನ್ನೇ ತೋರದು. ಪರೀಕ್ಷೆಯಿಂದಲೇ ಹೆಚ್ಚಾಗಿ ತಿಳಿಯಬೇಕು. ಆ ದೇಶದಲ್ಲಿ 2019ಕ್ಕಿಂತ 2020ರಲ್ಲಿ ಕ್ಲಮಿಡಿಯಾದ ಎಣಿಕೆ ನೂರಕ್ಕೆ 13ರಷ್ಟು ಇಳಿಯಿತು. ಗೊನೊರಿಯಾದ್ದು ನೂರಕ್ಕೆ 10ರಷ್ಟು ಏರಿತು. ಜನರ ನಡತೆ ತಿದ್ದಿದ್ದರೆ ಎರಡೂ ಇಳಿಯಬೇಕಾಗಿದ್ದಿತು. ಇಳಿದುದು ಪರೀಕ್ಷೆಗಳ ಸಂಖ್ಯೆಯೇ ಎಂದು ಅಲ್ಲಿನ ಆರೋಗ್ಯಾಧಿಕಾರಿಗಳೂ ಅಭಿಪ್ರಾಯಪಟ್ಟರು.

ಕಳೆದುಹೋದ ಕಾಲದ ಮಾತು ಈಗೇತಕ್ಕೆ ಎಂದು ಕೇಳಬಹುದು. ಅಂದು ಪತ್ತೆಯಾಗದೆ ಉಳಿದುದು ಇಂದಿಗೂ ಕೆಲವರ ರಕ್ತದಲ್ಲಿ ಇರಬಹುದೆಂಬುದೇ ನಮ್ಮ ಉತ್ತರ. ಗರ್ಭಿಣಿಗೆ ಈ ರೋಗವಿದ್ದು ಚಿಕಿತ್ಸೆಯಾಗದಿದ್ದರೆ ಗರ್ಭಪಾತವಾಗಬಹುದು, ಶಿಶು ಸತ್ತು ಹುಟ್ಟಬಹುದು, ಇಲ್ಲವೆ ರೋಗವನ್ನು ಹೊತ್ತೇ ಹುಟ್ಟಬಹುದು. ಇಂಥ ಕಡೆಗಳಲ್ಲಿ ಸೊಸೆಯ ಅದೃಷ್ಟವನ್ನು ಹಳಿಯುವ ಅತ್ತೆಯರು ಮಗನ ರಕ್ತವನ್ನೂ ಪರೀಕ್ಷೆಮಾಡಿಸುವುದು ನ್ಯಾಯ.

ಚಿಕಿತ್ಸೆಯಾದರೋ ಸುಲಭವಾದುದು. ರೋಗ ಹೊಸದಾಗಿದ್ದರೆ 24 ಲಕ್ಷ ಯೂನಿಟ್ಟಿನ ಬೆಂಜಥೀನ್ ಪೆನಿಸಿಲಿನ್ ಒಂದೇ ಸಲ ಸಾಕು. ಹಳತಾಗಿದ್ದರೆ ವಾರಕ್ಕೊಮ್ಮೆಯಂತೆ ಮೂರು ಸಲ ಬೇಕು. ಗಂಡಹೆಂಡಿರಲ್ಲಿ ಒಬ್ಬರಿಗೆ ರೋಗ ಕಂಡರೆ ಇಬ್ಬರಿಗೂ ಪರೀಕ್ಷೆಯೂ ಚಿಕಿತ್ಸೆಯೂ ಆಗತಕ್ಕದ್ದು; ಇಲ್ಲವಾದರೆ ಗುಣವಾದವರಿಗೆ ಮತ್ತೆ ತಗುಲುವುದು.

ಮನೆಯಲ್ಲಿ ಬಸುರಿಯಿದ್ದರೆ ಮೊದಲ ತಿಂಗಳುಗಳಲ್ಲಿಯೇ ಸಿಫಿಲಿಸ್ ಮತ್ತು ಎಚ್.ಐ.ವಿ. ಪರೀಕ್ಷೆಯಾಯಿತೇ ಎಂದು ಹಿರಿಯರು ವಿಚಾರಿಸಲಿ. ಸರಕಾರದ ಐ.ಸಿ.ಟಿ.ಸಿ. ಕೇಂದ್ರಗಳಲ್ಲಿ ಎಚ್.ಐ.ವಿ. ಪರೀಕ್ಷೆಗೆ ಹಣ ಕೊಡಬೇಕಾಗಿಲ್ಲ. ಅದರ ಫಲವನ್ನು ಗುಟ್ಟಾಗಿಡಬೇಕೆಂದು 2017ರ ಕಾಯಿದೆ ವಿಧಿಸಿದೆ. ಎದುರಿಗೆ ಕೇಳಲು ನಾಚುವವರು 1097ಕ್ಕೆ ಫೋನು ಮಾಡಿ ಕೇಳಬಹುದು. ಆ ಎಂಟು ವಾರಗಳಲ್ಲಿ ತಪ್ಪಿಹೋದ ಪರೀಕ್ಷೆಯನ್ನು ಈಗ ಮಾಡಿಸಿಕೊಳ್ಳಲು ಬಸ್ಸಿನ ಅಡ್ಡಿಯಿಲ್ಲ. ನಾಚಿಕೆಯೊಂದು ಅಡ್ಡಿಯಾಗದಿರಲಿ ಎಂದು ನಾವು ಬೇಡಿಕೊಳ್ಳುತ್ತೇವೆ.