ಒಡೆಯಬೇಕಾದದ್ದು ಕಡತವನ್ನು, ಯೋಜನೆಯನ್ನಲ್ಲ

ಮಹದಾಯಿ ಜಲವಿವಾದ ನ್ಯಾಯಾಧಿಕರಣವು 2018ರ ಆಗಸ್ಟ್ 14ರಂದು ನೀಡಿದ ಐತೀರ್ಪು 12 ಸಂಪುಟಗಳದು. ಪುಟಗಳು 2,700ನ್ನು ಮೀರುತ್ತವೆ. 2015ರ ಜುಲೈಯಲ್ಲಿ ನರಗುಂದದಲ್ಲಿ ಧರಣಿ ಹೂಡಿದ ರೈತರು ಮೂರು ವರ್ಷ ಕಾದದ್ದು ಈ ತೀರ್ಪಿಗಾಗಿ. ಮಲಪ್ರಭೆ ಹುಟ್ಟುವ, ಕಳಸಾ ಹಳ್ಳ ಹರಿಯುವ ಖಾನಾಪುರ ತಾಲ್ಲೂಕಿನ ಕಣಕುಂಬಿ ಸೀಮೆಯ ಕಾಡಂಚಿನ ಊರುಗಳ ಭವಿಷ್ಯವೂ ಅದೇ ಪುಟಗಳಲ್ಲಿತ್ತು. ಆದರೆ ಜನರ ಬಾಯಲ್ಲಿ ಉಳಿದದ್ದು ಒಂದೇ ಅಂಕಿ: ಕರ್ನಾಟಕಕ್ಕೆ 13.42 ಟಿಎಂಸಿ. ಅದರಲ್ಲಿ 8.02 ಟಿಎಂಸಿ ವಿದ್ಯುತ್ ಉತ್ಪಾದನೆಯ ಪಾಲು; ಮಲಪ್ರಭೆಗೆ ತಿರುಗಿಸಲು ದೊರೆತದ್ದು ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.90 ಟಿಎಂಸಿ, ಅದೂ ಕಾನೂನಿನ ಅನುಮತಿಗಳೆಲ್ಲ ದೊರೆತ ಮೇಲೆ. ಈ ವಿವರ ಎಷ್ಟು ಊರುಗಳ ಕಟ್ಟೆಯನ್ನು ತಲುಪಿತು?

ಬಯಲಿನ ರೋಣ, ನರಗುಂದ, ಗಜೇಂದ್ರಗಡಗಳ ಮಾತು ಗುಡ್ಡಗಾಡಿನ ಪತ್ರಿಕೆಗೇಕೆ ಎಂದು ಕೇಳುವವರಿದ್ದಾರೆ. ನದಿಯ ಎರಡು ತುದಿಯವರಿಗೂ ಒಂದೇ ದಸ್ತಾವೇಜು ಬೇಕಾಗಿದೆ, ಇಬ್ಬರಿಗೂ ಅದು ತೆರೆಯುತ್ತಿಲ್ಲ ಎಂಬುದೇ ಉತ್ತರ. ಮಲೆನಾಡಿನ ಅನುಭವವೂ ಬೇರೆಯಲ್ಲ. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2014ರ ಮಾರ್ಚಿನಿಂದ 2024ರ ಜುಲೈವರೆಗೆ ಮತ್ತೆ ಮತ್ತೆ ಹೊರಬಿದ್ದಿತು. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರಲ್ಲಿ ಸೇರಿತ್ತು. ಆಕ್ಷೇಪಣೆಗೆ ಕೊಟ್ಟ ಕಾಲ 60 ದಿನ. ಆರು ರಾಜ್ಯಗಳ ಹಳ್ಳಿಗಳ ಪಟ್ಟಿ ಹಿಂದಿ, ಇಂಗ್ಲಿಷ್ ರಾಜ್ಯಪತ್ರದಲ್ಲಿ. ತನ್ನ ಊರು ಪಟ್ಟಿಯಲ್ಲಿದೆಯೇ ಎಂದು ತಿಳಿಯಬಯಸುವ ರೈತನಿಗೆ ಬೇಕಾದದ್ದು ಒಂದೋ ಎರಡೋ ಪುಟ. ಆ ಎರಡು ಪುಟ ಕಾಣದೆ ಹೋದ ಕಡೆಗಳಲ್ಲೆಲ್ಲ ವದಂತಿ ಮನೆಮಾಡಿತು.

ಕಾನೂನು ಜನರ ಪರವಾಗಿಯೇ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೆಯ ಪ್ರಕರಣವು ಸ್ಥಳೀಯ ಭಾಷೆಯನ್ನೂ ಆಯಾ ಪ್ರದೇಶದಲ್ಲಿ ಪರಿಣಾಮಕಾರಿಯಾದ ಸಂವಹನ ವಿಧಾನವನ್ನೂ ಗಮನಿಸಿ ಮಾಹಿತಿ ಹರಡಬೇಕೆನ್ನುತ್ತದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲಿಗೆ ಕನಿಷ್ಠ 30 ದಿನ ಮೊದಲು ತಿಳಿವಳಿಕೆ ಕೊಡಬೇಕು, ಸ್ಥಳೀಯ ಭಾಷೆಯಲ್ಲಿ ಸಾರಾಂಶ ಇರಿಸಬೇಕು. ಆದರೆ ಆ ಸಾರಾಂಶದ ಮಿತಿ ಹತ್ತು ಪುಟ. ನೂರಾರು ಪುಟಗಳ ವರದಿ ಒಂದು ಕಡೆ, ಹತ್ತು ಪುಟ ಇನ್ನೊಂದು ಕಡೆ. ನಡುವೆ ಏನೂ ಇಲ್ಲ. ಇಡೀ ವರದಿಯನ್ನು ಒಂದೇ ಕಡತವಾಗಿ ಜಾಲತಾಣಕ್ಕೆ ಏರಿಸಿ ಕೈತೊಳೆದುಕೊಂಡರೆ ಅದು ಪ್ರಕಟಣೆ ಎನಿಸೀತೇ ಹೊರತು ತಿಳಿಸಿದಂತಾಗದು. ಹಳ್ಳಿಯ ಮೊಬೈಲಿನಲ್ಲಿ ಅರ್ಧ ಇಳಿದು ನಿಲ್ಲುವ ಕಡತ ಕಪಾಟಿನಲ್ಲಿ ಬೀಗ ಹಾಕಿಟ್ಟ ಕಡತಕ್ಕೆ ಸಮ.

ಆದಕಾರಣ ಕಡತವನ್ನು ಒಡೆಯಬೇಕು. ಇದಕ್ಕೆ ದುಬಾರಿ ತಂತ್ರಾಂಶ ಬೇಡ. ಪಿಡಿಎಫ್‌ಸ್ಯಾಮ್‌ನಂಥ ಉಚಿತ ಸಾಧನಗಳಿವೆ. ಮುದ್ರಣದ ಆದೇಶದಲ್ಲಿ ಬೇಕಾದ ಪುಟಸಂಖ್ಯೆ ಕೊಟ್ಟು ಹೊಸ ಪಿಡಿಎಫ್ ಆಗಿ ಉಳಿಸಿಕೊಳ್ಳಲೂಬಹುದು. ಕಷ್ಟವಿರುವುದು ಎಲ್ಲಿ ಒಡೆಯಬೇಕೆಂಬಲ್ಲಿ. ಐವತ್ತೈವತ್ತು ಪುಟಕ್ಕೆ ಒಂದರಂತೆ ಕತ್ತರಿಸಿದರೆ ಕೋಷ್ಟಕದ ತಲೆ ಒಂದು ಕಡತದಲ್ಲಿ, ಕಾಲು ಇನ್ನೊಂದರಲ್ಲಿ. ವಿಷಯ ಮುಗಿಯುವಲ್ಲಿ, ತಾಲ್ಲೂಕು ಬದಲಾಗುವಲ್ಲಿ ಒಡೆಯಬೇಕು. ಮೂಲದ ಪುಟಸಂಖ್ಯೆ ಪ್ರತಿ ತುಂಡಿನ ಹೆಸರಿನಲ್ಲೇ ಇರಬೇಕು. ಇಲ್ಲವಾದರೆ ಅಹವಾಲಿನಲ್ಲಿ ಎದ್ದುನಿಂತು ಉಲ್ಲೇಖಿಸುವವನನ್ನು ಅಧಿಕಾರಿ ಒಂದೇ ಪ್ರಶ್ನೆಯಿಂದ ಕೂರಿಸುತ್ತಾನೆ. ಡಿಜಿಟಲ್ ಸಹಿ ಇರುವ ಕಡತವನ್ನು ಒಡೆದಾಗ ಆ ಸಹಿಯ ಸಿಂಧುತ್ವ ತುಂಡುಗಳಿಗೆ ಬರುವುದಿಲ್ಲ. ಆದ್ದರಿಂದ ಓದಲು ತುಂಡುಗಳಿರಲಿ, ನ್ಯಾಯಾಲಯಕ್ಕೆ ಮೂಲ ಅಖಂಡವಾಗಿರಲಿ.

ಸ್ಕ್ಯಾನ್ ಮಾಡಿದ ಪುಟಗಳದು ಬೇರೆ ತೊಡಕು. ಅವು ಅಕ್ಷರಗಳಲ್ಲ, ಚಿತ್ರಗಳು; ಒಡೆದರೂ ಒಂದೊಂದು ಪುಟ ಭಾರವಾಗಿಯೇ ಉಳಿಯುತ್ತದೆ, ಹುಡುಕಿದ ಪದ ಸಿಗುವುದಿಲ್ಲ. ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಯಲ್ಲಿ ಟೈಪಿಸಿದ ಕನ್ನಡ ಕಡತಗಳಲ್ಲೂ ಊರಿನ ಹೆಸರು ಹುಡುಕಿದರೆ ಸಿಗದು. ಅಲ್ಲಿ ಮನುಷ್ಯರೇ ಕುಳಿತು ಸೂಚಿ ಬರೆಯಬೇಕು.

ಆ ಸೂಚಿಯಲ್ಲಿ ಇತಿಹಾಸವೂ ಬೇಕು. ಗದಗ ಜಿಲ್ಲೆ ಧಾರವಾಡದಿಂದ ಬೇರೆಯಾದದ್ದು 1997ರಲ್ಲಿ. ಗಜೇಂದ್ರಗಡ ರೋಣದಿಂದ ಬೇರೆಯಾಗಿ ತಾಲ್ಲೂಕಾದದ್ದು 2018ರಲ್ಲಿ. ಹೀಗಾಗಿ ಗಜೇಂದ್ರಗಡ ಸೀಮೆಯ ಹಳ್ಳಿಯೊಂದರ ಸಂಗತಿ ಹಳೆಯ ಕಾಗದಗಳಲ್ಲಿ ಧಾರವಾಡ ಜಿಲ್ಲೆಯ ರೋಣದ ಅಡಿಯಲ್ಲಿದೆ. ಇಂದಿನ ತಾಲ್ಲೂಕಿನ ಹೆಸರು ಹಿಡಿದು ಒಡೆದವನು ಆ ಹಳ್ಳಿಯನ್ನೇ ಕಳೆದುಬಿಡಬಲ್ಲ.

ತುಂಡು ಮಾಡಿದರೆ ಜನ ತಮಗೆ ಬೇಕಾದದ್ದನ್ನಷ್ಟೇ ಓದುತ್ತಾರೆ ಎಂಬ ಆಕ್ಷೇಪ ಹಗುರವಾದುದಲ್ಲ. ನರಗುಂದದವರು ನೀರಿನ ಹಂಚಿಕೆಯನ್ನು, ಕಾಡಂಚಿನವರು ಅನುಮತಿಗಳ ಷರತ್ತನ್ನು ಮಾತ್ರ ಓದಿದರೆ ಇಬ್ಬರ ಜಗಳ ಹರಿತವಾದೀತೇ ಹೊರತು ಕಡಿಮೆಯಾಗದು. ಹಾಗಾಗಿ ಹಂಚಿಕೆಯ ಆದೇಶವೂ ಅದಕ್ಕೆ ಕಟ್ಟಿದ ಷರತ್ತುಗಳೂ ಒಂದೇ ತುಂಡಿನಲ್ಲಿರಬೇಕು. ಇಲ್ಲಿ ಕಡತದ ಗಾತ್ರ ತುಸು ಹೆಚ್ಚಿದರೂ ಚಿಂತೆಯಿಲ್ಲ.

ಒಡೆಯಬಾರದ್ದು ಯೋಜನೆ. ದೊಡ್ಡ ಕಾಮಗಾರಿಯನ್ನು ಮಿತಿಯ ಕೆಳಗಿನ ಸಣ್ಣ ಕಾಮಗಾರಿಗಳಾಗಿ ತೋರಿಸಿ ಪರಿಸರ ಅನುಮತಿಯಿಂದ ನುಸುಳಿಕೊಳ್ಳುವ ಜಾಣತನ ದೇಶದಲ್ಲಿ ಹಳೆಯದು. ಅಂಥಲ್ಲಿ ಚಳವಳಿಯ ಕೆಲಸ ತಿರುಗುಮುರುಗು: ಚದುರಿದ ಕಾಗದಗಳನ್ನು ಕೂಡಿಸಿ ಒಂದೇ ಚಿತ್ರ ತೋರಿಸುವುದು. ಗಜೇಂದ್ರಗಡದ ಗುಡ್ಡಗಳ ಗಾಳಿಯಂತ್ರಗಳ ವಿಷಯದಲ್ಲಂತೂ ಒಡೆಯಲು ಕಡತವೇ ಇಲ್ಲ. ಪವನ ವಿದ್ಯುತ್ತು 2006ರ ಅಧಿಸೂಚನೆಯ ಪಟ್ಟಿಯಲ್ಲೇ ಸೇರಿಲ್ಲ.

ಮೂರೂ ಊರುಗಳ ಪದವಿ ಕಾಲೇಜುಗಳ ವಿದ್ಯಾರ್ಥಿಗಳು ಐತೀರ್ಪಿನ 12 ಸಂಪುಟಗಳನ್ನು ತಲಾ ನಾಲ್ಕರಂತೆ ಹಂಚಿಕೊಳ್ಳಬಹುದು. ಊರು, ಹಳ್ಳ, ಪುಟಸಂಖ್ಯೆ ಎಂಬ ಮೂರು ಕಾಲಂಗಳ ಕನ್ನಡ ಸೂಚಿ ಮೊದಲ ಕೆಲಸ; ಅದರ ಒಂದು ಪ್ರತಿ ಕಣಕುಂಬಿಗೂ ಹೋಗಬೇಕು.